ಗಾಡಿ ಕೈಕೊಟ್ಟರೆ ಇಂಗ್ಲಿಷ್‌ನಲ್ಲಿ ಏನನ್ನಬೇಕು?

ಚಾರ್ಮಾಡಿ ಘಾಟಿ ಹತ್ತುತ್ತಿದ್ದ ಕಾರು ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು ಅಂದುಕೊಳ್ಳಿ. ‘ಗಾಡಿ ಕೈಕೊಟ್ಟಿತು’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಹೇಳಿ ಅಂದರೆ ಹೆಚ್ಚಿನವರಿಗೆ ಹೊಳೆಯುವುದು ‘ಬ್ರೇಕ್ ಡೌನ್’ ಒಂದೇ. ಅದಕ್ಕಿಂತ ಹತ್ತಿರದ ಮಾತೊಂದಿದೆ: ‘ಕಾಂಕ್ ಔಟ್’.

ಮೊದಲ ಮಹಾಯುದ್ಧದ ಕಾಲದಲ್ಲಿ, ಅಂದರೆ 1914–18ರಲ್ಲಿ, ವಿಮಾನ ಹಾರಿಸುವವರ ಬಾಯಲ್ಲಿ ಓಡಾಡುತ್ತಿದ್ದ ಮಾತಿದು. ಆಗಿನ ಎಂಜಿನ್‌ಗಳು ಆಕಾಶದಲ್ಲೇ ಕೈಕೊಡುತ್ತಿದ್ದವು. ನಮಗೆ ಹೆಚ್ಚೆಂದರೆ ತಳ್ಳುವ ಕಷ್ಟ, ಅವರ ಪಾಡು ಯಾರಿಗೂ ಬೇಡ.

ಬಳಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಎಂಜಿನ್ ಓಡುತ್ತಿತ್ತಾ? ಓಡುತ್ತಿದ್ದದ್ದು ತಾನಾಗಿ ನಿಂತರೆ ಕಾಂಕ್ ಔಟ್. ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ನೋವು ಬಂದರೂ ಸ್ಟಾರ್ಟ್ ಆಗದ ಸ್ಕೂಟರಿಗೆ ‘ವೋಂಟ್ ಸ್ಟಾರ್ಟ್’ ಸಾಕು. ಪಂಕ್ಚರ್‌ಗೂ ಇದು ಸಲ್ಲದು, ಎಂಜಿನ್ ಪಾಪ ಚೆನ್ನಾಗೇ ಇದೆಯಲ್ಲ. ಕ್ಲಚ್ ತಟ್ಟನೆ ಬಿಟ್ಟು ಗಾಡಿ ಆಫ್ ಆದರೆ ಅದು ‘ಸ್ಟಾಲ್’. ಅಲ್ಲಿ ತಪ್ಪು ನಮ್ಮದು.

ಇನ್ನು ವಾಕ್ಯ ಕಟ್ಟುವುದು. ಕೈಕೊಡುವುದು ಗಾಡಿ, ನಾವಲ್ಲ. ಹಾಗಾಗಿ ‘ಐ ಕಾಂಕ್ಡ್ ಔಟ್ ದ ಬೈಕ್’ ತಪ್ಪು, ‘ದ ಬೈಕ್ ಕಾಂಕ್ಡ್ ಔಟ್’ ಸರಿ. ಬರೆಯುವಾಗ ಕೊನೆಗೆ ಇ-ಡಿ ಬಂದರೂ ಬಾಯಲ್ಲಿ ಅದು ‘ಕಾಂಕ್ಟ್’ ಆಗುತ್ತದೆ. ‘ನನಗೆ ಕೈಕೊಟ್ಟಿತು’ ಅನ್ನುವ ಗೋಳೂ ಬೇಕಾ? ಕೊನೆಗೆ ‘ಆನ್ ಮಿ’ ಸೇರಿಸಿ: ‘ದ ಬೈಕ್ ಕಾಂಕ್ಡ್ ಔಟ್ ಆನ್ ಮಿ’. ನಮ್ಮ ‘ನನಗೆ’ಯಲ್ಲಿರುವ ಸಂಕಟವೆಲ್ಲ ಅದರಲ್ಲಿ ಬಂತು. ಮಿಕ್ಸಿ, ಫ್ರಿಜ್ ಕೆಟ್ಟರೂ ಇದೇ ಮಾತು ನಡೆಯುತ್ತದೆ.

ಎಡವುವುದು ಮನುಷ್ಯರ ವಿಷಯದಲ್ಲಿ. ಕನ್ನಡದಲ್ಲಿ ‘ಗೆಳೆಯ ಕೈಕೊಟ್ಟ’ ಅಂದರೆ ನಂಬಿಸಿ ನಡುನೀರಲ್ಲಿ ಬಿಟ್ಟ ಅಂತ. ‘ಮೈ ಫ್ರೆಂಡ್ ಕಾಂಕ್ಡ್ ಔಟ್’ ಅಂದರೆ ಸುಸ್ತಾಗಿ ಬಿದ್ದಲ್ಲೇ ನಿದ್ದೆ ಹೋದ ಅಂತ. ನೀವು ಮೋಸದ ಕಥೆ ಹೇಳುತ್ತಿದ್ದರೆ, ಕೇಳುವವರು ‘ಪಾಪ, ಎಷ್ಟು ದಣಿದಿದ್ದನೋ’ ಅಂದುಕೊಳ್ಳುತ್ತಾರೆ!

ಇದು ಆಡುಮಾತು ಅನ್ನುವುದು ನೆನಪಿರಲಿ. ವಿಮೆಯ ಅರ್ಜಿಯಲ್ಲಿ, ಆಫೀಸಿಗೆ ತಡವಾದದ್ದಕ್ಕೆ ಬರೆಯುವ ಪತ್ರದಲ್ಲಿ ‘ಬ್ರೋಕ್ ಡೌನ್’ ಎಂದೇ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗಾದರೆ, ‘ಬೈಕ್ ಕಾಂಕ್ಡ್ ಔಟ್, ಸ್ವಲ್ಪ ಬಾ ಮಾರಾಯ’ ಸಾಕು.