ಪಹಣಿ ನೋಡಿ ಟೆಂಟ್ ಹಾಕುವುದು

ಅಮೆರಿಕದಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಸರ್ಕಾರಿ ನೆಲದಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯೊಳಗೆ 14 ದಿನ ದುಡ್ಡು ಕೊಡದೆ ಟೆಂಟ್ ಹಾಕಿಕೊಂಡು ಇರಬಹುದು. ಅಲ್ಲಿ ಹಾಗೆ ಟೆಂಟ್ ಹಾಕುವವರ ವಿಡಿಯೊಗಳನ್ನು ನೋಡಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗಳ ಕಡೆ ಟೆಂಟ್ ಹೊತ್ತು ಬರುವವರುಂಟು. ನಮ್ಮಲ್ಲಿ ಅಂಥ ಹಕ್ಕು ಇಲ್ಲ. ಸರ್ಕಾರಿ ಜಾಗ ಎಂದರೆ ಯಾವುದೋ ಒಂದು ಇಲಾಖೆಯ ಕೈಯಲ್ಲಿರುವ, ಯಾವುದೋ ಒಂದು ಕೆಲಸಕ್ಕೆಂದು ಬಿಟ್ಟ ಜಾಗ. ಯಾರ ಕೈಯಲ್ಲಿದೆ ಎಂದು ಮೊದಲು ಗೊತ್ತಾಗಬೇಕು. ಆಗ ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ. ಕೇಳಿದರೆ ಒಂದು ರಾತ್ರಿಗೆ ಕಾಸಿಲ್ಲದೆ ಸಿಗುವ ಜಾಗಕ್ಕೆ ಈ ಕಡೆ ಬರವಿಲ್ಲ.

ನಾನು ಮೊದಲು ಮಾಡುವುದು ಆಗದ ಜಾಗಗಳನ್ನು ಪಟ್ಟಿಯಿಂದ ಹೊಡೆದುಹಾಕುವ ಕೆಲಸ. ದೇವರಾಯನದುರ್ಗದ ಕಾಡು, ಸ್ಕಂದಗಿರಿ, ಕೋಲಾರದ ಅಂತರಗಂಗೆ ಬೆಟ್ಟ, ಇವೆಲ್ಲ ಅರಣ್ಯ ಇಲಾಖೆಯವು. ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕೊಡುವ ಕಡೆಯೂ ಅದು ಹತ್ತಿ ಇಳಿಯುವುದಕ್ಕೆ, ಮೇಲೆ ಮಲಗುವುದಕ್ಕಲ್ಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ ಧಾಮ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶಗಳಿಗೆ 1972ರ ವನ್ಯಜೀವಿ ಕಾಯ್ದೆ ಅನ್ವಯ; ಅಲ್ಲಿ ಟೆಂಟ್ ಮಾತೇ ಬೇಡ. ಮಧುಗಿರಿ ಕೋಟೆ, ಆವನಿಯ ದೇವಾಲಯಗಳು ಪುರಾತತ್ವ ಇಲಾಖೆಯವು, ಸಂಜೆಯಾದ ಮೇಲೆ ಒಳಗಿರುವಂತಿಲ್ಲ. ನಂದಿಬೆಟ್ಟ ತೋಟಗಾರಿಕೆ ಇಲಾಖೆಯದು, ಸಂಜೆಗೆ ಗೇಟು ಮುಚ್ಚುತ್ತದೆ. ಹೆಸರಾಂತ ಬೆಟ್ಟಗಳೆಲ್ಲ ಹೀಗೆ ಒಂದೇ ಏಟಿಗೆ ಪಟ್ಟಿಯಿಂದ ಹೋಗುತ್ತವೆ. ಉಳಿಯುವುದು ಹೆಸರಿಲ್ಲದ ಗುಡ್ಡ, ದನ ಮೇಯಲು ಬಿಟ್ಟ ಗೋಮಾಳ, ಊರಿಗೆಂದು ಬೆಳೆಸಿದ ಮರಗಳ ಗುಂಡುತೋಪು. ನನಗೆ ಬೇಕಾದ್ದೂ ಅವೇ.

ಎರಡನೆಯದು ಫೋನಿನಲ್ಲಿ ಆಗುವ ಕೆಲಸ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಉಪಗ್ರಹ ಚಿತ್ರ ಹಾಕಿಕೊಂಡು, ಮನೆ, ತೋಟ, ಬೋರ್‌ವೆಲ್ ಶೆಡ್ ಕಾಣದ ಬಯಲಿನ ಮೇಲೆ ಬೆರಳಿಟ್ಟರೆ ಹೋಬಳಿ, ಗ್ರಾಮ, ಸರ್ವೆ ನಂಬರ್ ಬರುತ್ತದೆ. ಆ ನಂಬರನ್ನು ಭೂಮಿ ಜಾಲತಾಣದಲ್ಲಿ ಹಾಕಿದರೆ ಪಹಣಿ, ಅಂದರೆ ಆ ಜಮೀನು ಯಾರದು ಎಂಬ ದಾಖಲೆ, ಕಾಣುತ್ತದೆ. ಬರೀ ನೋಡುವುದಕ್ಕೆ ದುಡ್ಡಿಲ್ಲ. ಮೂರು ಕಡೆ ಕಣ್ಣಾಡಿಸಿದರೆ ಸಾಕು. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು: ಸರ್ಕಾರಿ ಗೋಮಾಳ, ಸರ್ಕಾರಿ ಬೀಳು, ಗುಂಡುತೋಪು ಎಂದಿದ್ದರೆ ಮುಂದಕ್ಕೆ ಹೋಗಬಹುದು, ಅರಣ್ಯ, ಸ್ಮಶಾನ, ಕೆರೆ ಎಂದಿದ್ದರೆ ಅಲ್ಲಿಗೇ ಬಿಡುವುದು. 3ನೇ ಕಾಲಂನಲ್ಲಿ ವಿಸ್ತೀರ್ಣ: ಹತ್ತು ಎಕರೆಗಿಂತ ಕಡಿಮೆ ಇರುವ ಗೋಮಾಳ ನನ್ನ ಲೆಕ್ಕದಲ್ಲಿ ಕೆಲಸಕ್ಕೆ ಬಾರದು, ಸುತ್ತಲಿನ ಹೊಲಗಳು ಅದನ್ನು ಯಾವಾಗಲೋ ನುಂಗಿರುತ್ತವೆ. 11ನೇ ಕಾಲಂನಲ್ಲಿ ಹಕ್ಕು ಮತ್ತು ಋಣಗಳು: ಯಾವುದೋ ಇಲಾಖೆಗೆ ಕಾಯ್ದಿರಿಸಿದ್ದು, ತಕರಾರು, ಕೋರ್ಟು ಎಂಬ ಸೂಚನೆ ಇದ್ದರೆ ಆ ನಂಬರು ಬೇಡ.

ಇಷ್ಟಕ್ಕೇ ಸಾಮಾನು ಕಟ್ಟಿದರೆ ಮೋಸ ಹೋಗುತ್ತೀರಿ. ಪಹಣಿ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ.

ಸರ್ವೆ ನಂಬರಿನ ಜೊತೆ ಪಿ1, ಪಿ2 ಅಥವಾ ‘ಪೈಕಿ’ ಎಂದು ಕಂಡರೆ, ಆ ಗೋಮಾಳದಲ್ಲಿ ಕೆಲವರಿಗೆ ಜಮೀನು ಮಂಜೂರಾಗಿದೆ, ಆದರೆ ಪೋಡಿ, ಅಂದರೆ ಅಳೆದು ಬೇರೆ ಬೇರೆ ನಂಬರ್ ಕೊಡುವ ಕೆಲಸ, ಆಗಿಲ್ಲ ಎಂದರ್ಥ. ಯಾರ ಎರಡು ಎಕರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನಕ್ಷೆಯಲ್ಲಿ ಇಲ್ಲ, ಊರಿನವರ ಬಾಯಲ್ಲಿ ಮಾತ್ರ ಇರುತ್ತದೆ. ಮಂಜೂರಾಗದೆಯೇ ಸರ್ಕಾರಿ ನೆಲ ಉಳುವ ಬಗರ್ ಹುಕುಂ ಸಾಗುವಳಿಯ ಕಥೆಯೂ ಇದೇ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರ ಹೆಸರು 9ನೇ ಕಾಲಂನಲ್ಲಿ ಬಂದಿರುವುದಿಲ್ಲ. ನೆಲದ ಮೇಲೆ ಮಾತ್ರ ಅವರ ಹುರುಳಿಯೋ ರಾಗಿಯೋ ನಿಂತಿರುತ್ತದೆ. ಬೇಸಿಗೆಯಲ್ಲಿ ಬೆಳೆ ಇರದಾಗ ಇದು ಖಾಲಿ ಗೋಮಾಳದಂತೆಯೇ ಕಾಣುತ್ತದೆ. ಗುರುತು ಹಿಡಿಯುವ ಬಗೆ ಇದೆ: ನೇಗಿಲ ಸಾಲು, ಕೊಯ್ದ ಕೂಳೆ, ಆಯ್ದು ಬದುವಿಗೆ ಒಟ್ಟಿದ ಕಲ್ಲು. ಈ ಮೂರರಲ್ಲಿ ಒಂದು ಕಂಡರೂ ಅದು ಯಾರದೋ ಹೊಲ.

ಇನ್ನೊಂದು ತೊಡಕು ಅರಣ್ಯದ್ದು. ಪಹಣಿಯಲ್ಲಿ ಗೋಮಾಳ ಎಂದೇ ಇರುತ್ತದೆ, ಆದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಅಡಿ ಮೀಸಲು ಅರಣ್ಯ ಮಾಡುತ್ತೇವೆಂದು ಅಧಿಸೂಚನೆ ಆಗಿರುತ್ತದೆ. 17ನೇ ಸೆಕ್ಷನ್‌ನ ಕೊನೆಯ ಅಧಿಸೂಚನೆ ಆಗಿರುವುದಿಲ್ಲ. ಇಂಥ ನೆಲ ಕಂದಾಯದವರಿಗೆ ಗೋಮಾಳ, ಅರಣ್ಯದವರಿಗೆ ಕಾಡು. 2022ರಲ್ಲಿ ಸರ್ಕಾರ ರಾಜ್ಯದಲ್ಲಿ ಸುಮಾರು 3.3 ಲಕ್ಷ ಹೆಕ್ಟೇರನ್ನು ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆ ಆಗದಿದ್ದರೂ ಕಾಡೆಂದೇ ಪರಿಗಣಿಸುವ ನೆಲ, ಎಂದು ಗುರುತಿಸಿತು. ಅದರಲ್ಲೂ ಕಂದಾಯದ ಜಮೀನು ಸೇರಿದೆ. ಸ್ಥಳಕ್ಕೆ ಹೋದಾಗ ಕಂದಕ ತೋಡಿದ್ದರೆ, ಬಣ್ಣ ಬಳಿದ ಗಡಿಕಲ್ಲು ಇದ್ದರೆ, ಒಂದೇ ಅಳತೆಯ ಗುಂಡಿಗಳಲ್ಲಿ ಸಾಲುಸಾಲಾಗಿ ಸಸಿ ನೆಟ್ಟಿದ್ದರೆ ಹಿಂದಕ್ಕೆ ತಿರುಗಿ. ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಸರ್ವೆ ನಂಬರ್ ಹೇಳಿ ಕೇಳಿದರೆ ಆಯಿತು.

ದಿಶಾಂಕ್ ತೋರಿಸುವ ಗೆರೆಯನ್ನೂ ಗೆರೆಯಷ್ಟೇ ನಂಬಬೇಕು. ಹಳೆಯ ಗ್ರಾಮ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದರಿಂದ ಅಷ್ಟಿಷ್ಟು ಜರುಗಿರುತ್ತದೆ, ಅದರ ಮೇಲೆ ಫೋನಿನ ಜಿಪಿಎಸ್ ತಪ್ಪು ಬೇರೆ. ನಾನು ಗಡಿಯಿಂದ ಕನಿಷ್ಠ 50 ಮೀಟರ್ ಒಳಗೆ ನಿಲ್ಲುವ ಜಾಗವನ್ನೇ ಆರಿಸುತ್ತೇನೆ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಪಹಣಿಯ ಸ್ಕ್ರೀನ್‌ಶಾಟ್, ಗ್ರಾಮ ನಕಾಶೆಯ ಪಿಡಿಎಫ್ ಎರಡನ್ನೂ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಗೋಮಾಳಕ್ಕಿಂತ ಗುಂಡುತೋಪು ನನಗೆ ಇಷ್ಟ. ಊರಿನ ಅಂಚಿನಲ್ಲಿ, ಗಾಡಿದಾರಿಯ ಪಕ್ಕ, ಹುಣಸೆ, ಹೊಂಗೆ, ಮಾವು, ನೇರಳೆಯ ನೆರಳು. ದಾರಿಹೋಕರು ಎತ್ತು ಬಿಚ್ಚಿ ಬುತ್ತಿ ಉಣ್ಣುತ್ತಿದ್ದ ಜಾಗಗಳೇ ಇವು. ತಂಗುವವರು ಊರಿಗೆ ಹೊಸಬರಲ್ಲ, ಟೆಂಟ್ ಮಾತ್ರ ಹೊಸದು. ಹುಣಸೆ ಹಣ್ಣಿನ ಕಾಲದಲ್ಲಿ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಫಸಲನ್ನು ಹರಾಜಿನಲ್ಲಿ ಹಿಡಿದವರು ಮರ ಕಾಯುತ್ತಿರುತ್ತಾರೆ. ಆಗ ಅವರನ್ನೂ ಒಂದು ಮಾತು ಕೇಳಬೇಕು. ಕೇಳಿದರೆ ರಾತ್ರಿಗೆ ಜೊತೆಯೂ ಆಗುತ್ತದೆ.

ಕೇಳುವ ಕ್ರಮ ಹೀಗೆ. ಒಂದು ವಾರ ಮೊದಲು ಗ್ರಾಮ ಪಂಚಾಯಿತಿಯ ಪಿಡಿಒಗೆ ಅರ್ಧ ಪುಟದ ಅರ್ಜಿ: ಎಷ್ಟು ಜನ, ಹೆಸರು, ಫೋನ್, ಗಾಡಿ ನಂಬರ್, ಗ್ರಾಮ ಮತ್ತು ಸರ್ವೆ ನಂಬರ್, ಬರುವ ಹೋಗುವ ದಿನ, ಎಷ್ಟು ಟೆಂಟ್, ಬೆಂಕಿ ಹಾಕುವುದಿಲ್ಲ, ಗುಂಡಿ ತೋಡುವುದಿಲ್ಲ, ಕಸ ವಾಪಸ್ ಒಯ್ಯುತ್ತೇವೆ ಎಂಬ ಮೂರು ಮಾತು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸ್ವೀಕೃತಿ ಎಂದರೆ ಅನುಮತಿ ಅಲ್ಲ, ಆದ್ದರಿಂದ ಅದರ ಮೇಲೆಯೇ ಆಕ್ಷೇಪಣೆ ಇಲ್ಲ ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಗೋಮಾಳ, ಬೀಳು ಆದರೆ ತಹಶೀಲ್ದಾರರ ಹೆಸರಿಗೆ ಬರೆದು ಗ್ರಾಮ ಆಡಳಿತಾಧಿಕಾರಿಯ ಮೂಲಕ ಕೊಡಬೇಕು. ಮೂರನೆಯ ಪ್ರತಿ ಪೊಲೀಸ್ ಠಾಣೆಗೆ. ರಾತ್ರಿ ಹತ್ತಕ್ಕೆ ಟಾರ್ಚ್ ಬೆಳಕು ಕಂಡು ಯಾರೋ 112ಕ್ಕೆ ಫೋನ್ ಮಾಡಿದರೆ ಬರುವ ಪೊಲೀಸರಿಗೆ ಆ ಹಾಳೆ ತೋರಿಸಿದರೆ ಮಾತು ಮುಗಿಯುತ್ತದೆ.

ಕಾಗದ ಎಷ್ಟಿದ್ದರೂ ಊರಿಗೆ ಕತ್ತಲಾಗುವ ಮುಂಚೆ ಹೋಗಬೇಕು. ಐದು ಗಂಟೆಗೆ ದನ ಹೊಡೆದುಕೊಂಡು ಬರುವವರು ಸಿಗುತ್ತಾರೆ. ‘ಅಣ್ಣಾ, ಈ ಗೋಮಾಳದಲ್ಲಿ ರಾತ್ರಿ ಮಲಗಿ ಬೆಳಗ್ಗೆ ಹೋಗ್ತೀವಿ, ಪಂಚಾಯ್ತೀಲಿ ಹೇಳಿದ್ದೀವಿ. ಯಾವ ಕಡೆ ಹಾಕ್ಕೊಂಡ್ರೆ ನಿಮಗೆ ತೊಂದ್ರೆ ಇಲ್ಲ?’ ಹಾಕಬಹುದಾ ಎಂದಲ್ಲ, ಎಲ್ಲಿ ಹಾಕಲಿ ಎಂದು ಕೇಳುವುದರಲ್ಲಿ ಲಾಭವಿದೆ. ‘ಆ ಬಂಡೆ ಹತ್ರ ಬ್ಯಾಡ ಸಾಮಿ, ಕರಡಿ ಇಳೀತದೆ’ ಅನ್ನುವಂಥ ಉತ್ತರ ಯಾವ ಆ್ಯಪ್‌ನಲ್ಲೂ ಬರುವುದಿಲ್ಲ. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ, ಮುಳಬಾಗಿಲು ಕಡೆ ಮನೆಮಾತು ತೆಲುಗು ಇರುವ ಊರುಗಳು ಬಹಳ. ಎರಡು ಮಾತು ತೆಲುಗು ಬಂದರೆ ಅನುಕೂಲ. ಊರಿನವರು ಬೇಡ ಅಂದರೆ ಮೊಹರಿನ ಹಾಳೆ ತೋರಿಸಿ ವಾದಕ್ಕೆ ನಿಲ್ಲಬೇಡಿ. ಹತ್ತಿರದ ದೇವಸ್ಥಾನದ ಅರ್ಚಕರನ್ನು ಕೇಳಿದರೆ ಜಗಲಿಯೋ ಛತ್ರವೋ ಸಿಗಬಹುದು. ಅಲ್ಲಿ ಮಾಂಸ, ಮದ್ಯ ಇಲ್ಲ, ಅಷ್ಟೇ.

ಕರಡಿಯ ಮಾತು ತಮಾಷೆಯಲ್ಲ. ಮಧುಗಿರಿ, ಪಾವಗಡ, ದೇವರಾಯನದುರ್ಗದ ಸುತ್ತಿನ ಗುಂಡುಬಂಡೆಗಳ ಸಂದುಗಳಲ್ಲಿ ಅವು ಹಗಲು ಮಲಗಿ ಸಂಜೆ ಹೊರಡುತ್ತವೆ. ಕಡಲೆಕಾಯಿ ಹೊಲ, ಹಲಸಿನ ಮರ, ಸೀತಾಫಲದ ಪೊದೆ ಇರುವ ಕಡೆ ಫಸಲಿನ ಕಾಲದಲ್ಲಿ ಟೆಂಟ್ ಬೇಡ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಆನೆ ಬರುತ್ತದೆ, ಅಲ್ಲಿಗೆ ಹೋಗುವುದೇ ಇಲ್ಲ. ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಟ್ಟಿದೆಯೇ ಎಂದು ಹಗಲಲ್ಲೇ ತಲೆ ಎತ್ತಿ ನೋಡಿ. ಸ್ಟೌವ್ ಹೊಗೆಗೂ ಅವು ಏಳುತ್ತವೆ. ಕೆರೆಯಂಗಳ ಸಮತಟ್ಟಾಗಿ ಆಸೆ ಹುಟ್ಟಿಸುತ್ತದೆ, ಆದರೆ ಒಣಗಿದ ಗೋಡಿನ ಬಿರುಕುಗಳಲ್ಲಿ ಹಾವು, ಚೇಳು ಇರುತ್ತವೆ, ಟೆಂಟ್ ಬಿಗಿಯುವ ಮೊಳೆಯೂ ನಿಲ್ಲುವುದಿಲ್ಲ.

ಹಾಸುಬಂಡೆಯ ಮೇಲೆ ಮೊಳೆ ಇಳಿಯುವುದಿಲ್ಲವಾದ್ದರಿಂದ ತಾನಾಗಿ ನಿಲ್ಲುವ ಟೆಂಟ್ ಬೇಕು. ನಾಲ್ಕು ಮೂಲೆಗೂ ಐದೈದು ಕಿಲೋ ಮಣ್ಣು ತುಂಬಿದ ಗೋಣಿಚೀಲ. ಏಪ್ರಿಲ್‌ನಲ್ಲಿ ಬಂಡೆ ಹಗಲಿನ ಕಾವನ್ನು ರಾತ್ರಿ ಬಹಳ ಹೊತ್ತಿನ ತನಕ ಬಿಡುತ್ತಲೇ ಇರುತ್ತದೆ. ಮಲಗಲು ಮಣ್ಣಿನ ನೆಲವೇ ವಾಸಿ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಬೋಳುಬಂಡೆಯಿಂದಲೂ ಒಂಟಿ ಮರದ ಬುಡದಿಂದಲೂ ಏಳಬೇಕು, ಸಿಡಿಲಿಗೆ ಎರಡೂ ಒಂದೇ. ಬಂಡೆಯ ಮೇಲೆ ಬೆಂಕಿ ಹಾಕಿದರೆ ಪದರ ಬಿಟ್ಟು ಸಿಡಿಯುತ್ತದೆ. ಕಲ್ಲುಕುಟಿಗರು ಹಿಂದೆ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಹೀಗೆ. ಸಣ್ಣ ಗ್ಯಾಸ್ ಸ್ಟೌವ್ ಸಾಕು.

ನೀರು ಇಬ್ಬರಿಗೆ ಒಂದು ರಾತ್ರಿಗೆ 10 ಲೀಟರ್, ಮನೆಯಿಂದಲೋ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಲೋ. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ, ಚಿಕ್ಕಬಳ್ಳಾಪುರದ ಕೆಲವು ಕೆರೆಗಳಿಗೆ ಎಚ್.ಎನ್. ವ್ಯಾಲಿಯ ನೀರು ಬರುತ್ತಿದೆ. ಅದು ಎರಡು ಹಂತ ಮಾತ್ರ ಶುದ್ಧವಾದ ಬೆಂಗಳೂರಿನ ಕೊಳಚೆ ನೀರು. ಸೋಸಿ ಕುದಿಸಿಯೂ ಅದರಲ್ಲಿ ಅಡುಗೆ ಮಾಡಬೇಡಿ, ಪಾತ್ರೆಯನ್ನೂ ತೊಳೆಯಬೇಡಿ.

ಬೆಳಗ್ಗೆ ಏಳರೊಳಗೆ ಟೆಂಟ್ ಮಡಚಿರಬೇಕು, ಅಷ್ಟರಲ್ಲಿ ಕುರಿ, ದನ ಬಂದುಬಿಡುತ್ತವೆ. ಕೊನೆಗೆ ಮೊಳೆ ಎಣಿಸುವುದು. ಹುಲ್ಲಿನಲ್ಲಿ ಒಂದು ಉಳಿದರೂ ಹಸುವಿನ ಗೊರಸಿಗೆ ಹೊಕ್ಕುತ್ತದೆ, ಪ್ಲಾಸ್ಟಿಕ್ ಚೂರು ಹೊಟ್ಟೆಗೆ ಹೋಗುತ್ತದೆ. ಮೊಳೆಯ ತಲೆಗೆ ಕೆಂಪು ದಾರ ಕಟ್ಟಿಟ್ಟರೆ ಇಬ್ಬನಿಯಲ್ಲೂ ಬೇಗ ಕಣ್ಣಿಗೆ ಬೀಳುತ್ತದೆ.