ಉಗುರಿನ ಬದಲು ಕುರಿ ಗೊರಸು: ನಮ್ಮ ಲ್ಯಾಬಿನ ಪದ್ಧತಿ

ನೇಲ್ ಪಾಲಿಶ್, ಉಗುರಿನ ಫಂಗಸ್ ಔಷಧಿ ಪರೀಕ್ಷಿಸಲು ಮನುಷ್ಯರ ಉಗುರೇ ಬೇಕೆಂದರೆ ಸಿಗುವುದು ಕತ್ತರಿಸಿ ಎಸೆದ ತುದಿ ಮಾತ್ರ. ಅದು ಬಾಗಿರುತ್ತದೆ, ಅಗಲ ಸಾಲದು. ಒಬ್ಬರದು ಕಾಲು ಮಿ.ಮೀ. ದಪ್ಪವಿದ್ದರೆ ಇನ್ನೊಬ್ಬರದು ಅರ್ಧ. ಹಾಗಾಗಿ ತುಮಕೂರಿನ ನಮ್ಮ ಲ್ಯಾಬಿನಲ್ಲಿ ಮೊದಲ ಸುತ್ತಿಗೆಲ್ಲ ಕುರಿ ಗೊರಸಿನ ಪದರವೇ.

ಮಟನ್ ಅಂಗಡಿಯಲ್ಲಿ ಸೂಪಿನ ಕಾಲು ಕೇಳಿದರೆ ಸುಟ್ಟದ್ದೇ ಕೊಡುತ್ತಾರೆ. ಬೆಂಕಿ ತಾಗಿದರೆ ಕೆರಾಟಿನ್ (ಉಗುರು, ಗೊರಸು, ಕೂದಲು ಮೂರರಲ್ಲೂ ಇರುವ ಗಟ್ಟಿ ಪ್ರೋಟೀನ್) ಕೆಟ್ಟು, ಕೊಯ್ಯುವಾಗ ಗೊರಸು ಪುಡಿಯಾಗುತ್ತದೆ. ಹಸಿ ಕಾಲನ್ನೇ ಎತ್ತಿಡಲು ಮುಂಚೆ ಹೇಳಿಡಿ. ಮಾಂಸ, ಕೊಬ್ಬು ಕೆರೆದು, ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೆಳು ಪದರ ಕೊಯ್ಯುವ ಯಂತ್ರವಾದ ಮೈಕ್ರೋಟೋಮ್‌ನಲ್ಲಿ 100ರಿಂದ 150 ಮೈಕ್ರಾನ್ ಪದರ ತೆಗೆಯುತ್ತೇವೆ. ಜಾಸ್ತಿ ನೆನೆದದ್ದು ಬ್ಲೇಡಿಗೆ ಅಂಟಿ ಹರಿಯುತ್ತದೆ. ಗೊರಸಿನ ಗೋಡೆಯೊಳಗೆ ಮೇಲಿಂದ ಕೆಳಕ್ಕೆ ಸಣ್ಣ ಕೊಳವೆಗಳಿವೆ. ಅಡ್ಡ ಕೊಯ್ದರೆ ಪದರದ ತುಂಬ ತೂತು. ಗೋಡೆಯ ಹೊರಮೈಗೆ ಸಮಾನಾಂತರವಾಗಿಯೇ ಬ್ಲೇಡ್ ಹೋಗಬೇಕು. ಅನುಮಾನವಿದ್ದರೆ ಪದರವನ್ನು ಫಿಲ್ಟರ್ ಪೇಪರ್ ಮೇಲಿಟ್ಟು ಒಂದು ಹನಿ ಮೆಥಿಲೀನ್ ಬ್ಲೂ ಬಣ್ಣ ಹಾಕಿ. ಕೆಳಗೆ ತಕ್ಷಣ ನೀಲಿ ಚುಕ್ಕೆ ಕಂಡರೆ ಎಸೆಯಿರಿ. ಉಳಿದವನ್ನು ಫಿಲ್ಟರ್ ಪೇಪರ್ ನಡುವೆ ಇಟ್ಟು, ಮೇಲೆ ಗಾಜು ಹೇರಿ ಒಣಗಿಸಬೇಕು, ಇಲ್ಲದಿದ್ದರೆ ಅಂಚು ಸುರುಳಿಯಾಗುತ್ತದೆ.

ಕೂದಲಿನ ಕೆರಾಟಿನ್‌ನಿಂದ ಫಿಲ್ಮ್ ಎರೆಯುವ ದಾರಿಯೂ ಇದೆ: ಯೂರಿಯಾ, ಥಯೋಯೂರಿಯಾ, ಮರ್ಕ್ಯಾಪ್ಟೋಎಥನಾಲ್ ದ್ರಾವಣದಲ್ಲಿ 50 ಡಿಗ್ರಿಯಲ್ಲಿ ಮೂರು ದಿನ, ಆಮೇಲೆ ಡಯಾಲಿಸಿಸ್ (ಸೋಸುವ ಪೊರೆಯ ಚೀಲದಲ್ಲಿಟ್ಟು ಆ ರಾಸಾಯನಿಕಗಳನ್ನು ತೆಗೆಯುವುದು), ಗ್ಲಿಸರಾಲ್ ಬೆರೆಸಿ ಎರೆದು 110 ಡಿಗ್ರಿಯಲ್ಲಿ ಕಾಯಿಸುವುದು. ದಪ್ಪ ನಮ್ಮ ಕೈಯಲ್ಲಿರುತ್ತದೆ ಅನ್ನುವುದೇ ಲಾಭ. ಮೆಹಂದಿ, ಡೈ ತಾಗದ ಕೂದಲು ಬೇಕು. ಫ್ಯೂಮ್ ಹುಡ್ (ಆವಿ ಹೊರಗೆಳೆಯುವ ಗೂಡು) ಇಲ್ಲದೆ ಕೈಹಾಕಬೇಡಿ, ಮರ್ಕ್ಯಾಪ್ಟೋಎಥನಾಲ್‌ನ ನಾತ ಬಟ್ಟೆ ಬಿಡುವುದಿಲ್ಲ.

ಯಾವುದನ್ನೇ ಬಳಸಿ, ಫಲಿತಾಂಶ ಕೆಡಿಸುವುದು ತೇವ. ಮಾರ್ಚ್ ಮಧ್ಯಾಹ್ನ ನಮ್ಮೂರಿನ ಒಣಹವೆಯಲ್ಲಿ ಪದರವನ್ನು ತಕ್ಕಡಿಯ ಮೇಲಿಟ್ಟರೆ ಕೊನೆಯ ಅಂಕಿ ನಿಲ್ಲದೆ ಇಳಿಯುತ್ತಿರುತ್ತದೆ. ಅದೇ ಪದರ ಬಾಗಿಸಿದರೆ ಟಕ್ ಎಂದು ಮುರಿಯುತ್ತದೆ. ಮಳೆಗಾಲದಲ್ಲಿ ಬಳುಕುತ್ತದೆ. ಪಾಲಿಶ್ ಕೂಡ ಎರಡರ ಮೇಲೆ ಬೇರೆ ಬೇರೆ ರೀತಿ ಸಿಪ್ಪೆ ಏಳುತ್ತದೆ. ಅದಕ್ಕೆ ಪದರಗಳನ್ನಿಟ್ಟು ಮುಚ್ಚಿದ ಡೆಸಿಕೇಟರ್‌ನ (ಗಾಳಿಯಾಡದ ಗಾಜಿನ ಪಾತ್ರೆ) ತಳದಲ್ಲಿ ಸಿಲಿಕಾ ಜೆಲ್ ಬದಲು ಮೆಗ್ನೀಸಿಯಮ್ ನೈಟ್ರೇಟ್‌ನ ಸಂತೃಪ್ತ ದ್ರಾವಣ ಇಡಿ. 25 ಡಿಗ್ರಿಯಲ್ಲಿ ಒಳಗಿನ ಆರ್ದ್ರತೆ ಸುಮಾರು 53 ಶೇಕಡಾ ನಿಲ್ಲುತ್ತದೆ. ತಳದಲ್ಲಿ ಕರಗದ ಉಪ್ಪು ಕಾಣುತ್ತಲೇ ಇರಬೇಕು. ಎರಡು ದಿನದ ತೂಕ ಒಂದೇ ಬಂದ ಮೇಲೆ ಪರೀಕ್ಷೆ.

ಪದರದ ಮೂಲಕ ಔಷಧಿ ಎಷ್ಟು ಇಳಿಯುತ್ತದೆಂದು ನೋಡಲು ಫ್ರಾಂಜ್ ಸೆಲ್, ಅಂದರೆ ನಡುವೆ ಪದರ ಸಿಕ್ಕಿಸುವ ಮೇಲೆ-ಕೆಳಗಿನ ಎರಡು ಗಾಜಿನ ಕೋಣೆ: 32 ಡಿಗ್ರಿ, ಕೆಳಗೆ ಪಿಎಚ್ 7.4 ಫಾಸ್ಫೇಟ್ ಬಫರ್. ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಷ್ಟು ಜಾಗ ಲೆಕ್ಕಕ್ಕಿಲ್ಲ. ಗೊರಸಿನಲ್ಲಿ ಕೆರಾಟಿನ್ ಎಳೆಗಳನ್ನು ಬಿಗಿಯುವ ಡೈಸಲ್ಫೈಡ್ (ಗಂಧಕದ) ಕೊಂಡಿ ಉಗುರಿಗಿಂತ ಕಡಿಮೆ, ಹಾಗಾಗಿ ಔಷಧಿ ಬೇಗ ಇಳಿಯುತ್ತದೆ. ಐದು ಫಾರ್ಮುಲಾಗಳಲ್ಲಿ ಯಾವುದು ಮುಂದೆ ಎಂದು ಆರಿಸಲು ಈ ಅಂಕಿ ಸಾಕು. ಮನುಷ್ಯರ ಉಗುರಿನಲ್ಲೂ ಇಷ್ಟೇ ಎಂದು ರಿಪೋರ್ಟಿನಲ್ಲಿ ಬರೆಯುವ ಹಾಗಿಲ್ಲ. ಆರಿಸಿದ ಎರಡನ್ನು ಮಾತ್ರ ನಿಜವಾದ ಉಗುರಿನ ಚೂರಿನ ಮೇಲೆ, ಸಣ್ಣ ಬಾಯಿಯ ಅಡಾಪ್ಟರ್ ಹಾಕಿ ಮತ್ತೆ ನೋಡುತ್ತೇವೆ.