ಬೀನ್ಸ್ ತೂಗಿದ್ದೆ, ತೆಂಗಿನಕಾಯಿ ತೂಗಿರಲಿಲ್ಲ

ಕಳೆದ ವರ್ಷ ಜನವರಿಯಲ್ಲಿ ನನ್ನ ತೂಕ 86 ಕೆಜಿ ಇತ್ತು. ಮೆಟ್ಟಿಲು ಹತ್ತಿದರೆ ಮಂಡಿ ನೋವು. ಡಾಕ್ಟರು ಮಾತ್ರೆ ಬರೆಯಲೇ ಇಲ್ಲ. "ಎಂಟು ಕೆಜಿ ಇಳಿಸ್ಕೊಂಡು ಬನ್ನಿ" ಅಂದರು. ನಾನು ತುಮಕೂರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸದವನು. ಹಣದ ಖರ್ಚು ಬರೆದಿಟ್ಟರೆ ಕೈ ಬಿಗಿಯಾಗುತ್ತದೆ ಅನ್ನುವುದು ಗೊತ್ತು. ಊಟಕ್ಕೂ ಅದೇ ಮಾಡೋಣ ಅಂತ ಒಂದು ಅಡುಗೆಮನೆ ತಕ್ಕಡಿ ತಂದೆ, ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ದಿನಕ್ಕೆ 1700 ಕ್ಯಾಲೊರಿ ಅಂತ ಗೆರೆ ಎಳೆದುಕೊಂಡೆ.

ಮೊದಲ ತಿಂಗಳು ನಾನು ಮನೆಯವರ ತಲೆ ತಿಂದೆ. ಸೌತೆಕಾಯಿ ಹೋಳನ್ನೂ ತೂಗುತ್ತಿದ್ದೆ. ಹುಳಿಯಲ್ಲಿದ್ದ ನುಗ್ಗೆಕಾಯಿ ಜಗಿದು ಉಗುಳಿದ ಸಿಪ್ಪೆಯನ್ನು ಕಳೆಯಬೇಕೋ ಬೇಡವೋ ಅಂತ ತಟ್ಟೆ ಮುಂದೆ ಕೂತು ಯೋಚಿಸಿದ್ದೂ ಇದೆ. ಅಮ್ಮ ನೋಡಿ ನೋಡಿ, "ಊಟ ಮಾಡ್ತಿದ್ಯೋ, ಆಡಿಟ್ ಮಾಡ್ತಿದ್ಯೋ?" ಅಂದರು.

ಇದಾದರೂ ಪರವಾಗಿಲ್ಲ. ನಿಜವಾದ ತೊಂದರೆ ಬೇರೆ ಇತ್ತು. ಸಂಜೆ ಹೊತ್ತಿಗೆ ಗೆರೆ ಹತ್ತಿರ ಬಂದಿರುತ್ತಿತ್ತು. ಆಗ ಏನಾದರೂ ಬಿಡಬೇಕಲ್ಲ? ಅನ್ನ ಬಿಡಲು ಮನಸ್ಸಿಲ್ಲ, ಮುದ್ದೆ ಬಿಡಲು ಮನಸ್ಸಿಲ್ಲ. ಹಾಗಾಗಿ ಪಲ್ಯವನ್ನು ಅರ್ಧ ಮಾಡುತ್ತಿದ್ದೆ. ಪಲ್ಯ 170 ಅಂತ ಆ್ಯಪ್ ತೋರಿಸುತ್ತಿತ್ತು, ಅರ್ಧ ತಿಂದರೆ 85 ಉಳಿಯಿತು ಅಂತ ಖುಷಿ. ಹೀಗೆ ತರಕಾರಿ ಕಮ್ಮಿ ಮಾಡಿಕೊಂಡು ರಾತ್ರಿ ಹತ್ತಕ್ಕೆ ಹೊಟ್ಟೆ ಚುರುಗುಟ್ಟಿ ಡಬ್ಬದಲ್ಲಿದ್ದ ನಿಪ್ಪಟ್ಟು ಹುಡುಕಿದವನು ನಾನು. ತೂಕ ಇಳಿಸಲು ಹೊರಟವನು ತರಕಾರಿಯಲ್ಲಿ ಉಳಿತಾಯ ಮಾಡುವುದಾ?

ಒಂದು ಭಾನುವಾರ ಹೆಂಡತಿ ಬೀನ್ಸ್ ಪಲ್ಯ ಮಾಡುವಾಗ ಪಕ್ಕದಲ್ಲೇ ನಿಂತು ಎಲ್ಲವನ್ನೂ ತೂಗಿದೆ. ನಾಲ್ಕು ಜನಕ್ಕೆ ಬೀನ್ಸ್ ಅರ್ಧ ಕೆಜಿ. 100 ಗ್ರಾಂ ಬೀನ್ಸ್‌ಗೆ ಸುಮಾರು 30 ಕ್ಯಾಲೊರಿ, ಅಂದರೆ ಒಟ್ಟು 150. ಒಗ್ಗರಣೆಗೆ ಎಣ್ಣೆ 40 ಗ್ರಾಂ. ಎಣ್ಣೆ ಗ್ರಾಂಗೆ 9 ಕ್ಯಾಲೊರಿ, ಅಲ್ಲಿಗೆ 360. ಕೊನೆಗೆ ಉದುರಿಸಿದ ಕಾಯಿತುರಿ 60 ಗ್ರಾಂ, ಅದು 210. ಬಾಣಲೆಯ ಒಟ್ಟು ಲೆಕ್ಕ 720, ಅದರಲ್ಲಿ ತರಕಾರಿಯ ಪಾಲು ಬರೀ 150. ಇನ್ನೂ ನಗು ಬಂದದ್ದು ಏನಂದರೆ, ಅಲ್ಲಿವರೆಗೆ ನಾನು ಬೀನ್ಸ್ ಗ್ರಾಂ ಗ್ರಾಂ ತೂಗಿ, ಎಣ್ಣೆ, ತುರಿ ಎರಡನ್ನೂ ಆ್ಯಪಿನ ಅಂದಾಜಿಗೆ ಬಿಟ್ಟಿದ್ದೆ. ಚಿಲ್ಲರೆ ಎಣಿಸಿ ನೋಟಿನ ಕಟ್ಟನ್ನು ಹಾಗೇ ಬೀರುವಿಗೆ ಇಟ್ಟ ಹಾಗೆ.

ನಮ್ಮದು ಮೂಲ ತಿಪಟೂರು ಕಡೆ. ಅಲ್ಲಿನವರಿಗೆ ತೆಂಗಿನಕಾಯಿ ಅಳೆದು ಹಾಕಿ ಅನ್ನುವುದು ಮಳೆಗೆ ಲೆಕ್ಕವಾಗಿ ಸುರಿ ಅಂದ ಹಾಗೆ. ಹಸಿ ಕಾಯಿತುರಿ 100 ಗ್ರಾಂಗೆ 350 ಕ್ಯಾಲೊರಿ ದಾಟುತ್ತದೆ. ಅಮ್ಮನ ಒಂದು ಹಿಡಿ ಒಂದು ದಿನ 40 ಗ್ರಾಂ, ಇನ್ನೊಂದು ದಿನ 75. ಈ ವ್ಯತ್ಯಾಸದಲ್ಲೇ ನಾನು ದಿನವಿಡೀ ತೂಗುತ್ತಿದ್ದ ಸೌತೆ, ಟೊಮೆಟೊ, ಎಲೆಕೋಸು ಎಲ್ಲ ಮುಳುಗಿಹೋಗುತ್ತವೆ. ಕಾಯಿ ಬಿಡಿ ಅಂತ ಯಾರಿಗೂ ಹೇಳಲಿಲ್ಲ, ಹೇಳುವ ಧೈರ್ಯವೂ ಇಲ್ಲ. ತುರಿಗೆ ಒಂದು ಸಣ್ಣ ಬಟ್ಟಲು, ಎಣ್ಣೆಗೆ ಒಂದು ಚಮಚ ಗೊತ್ತು ಮಾಡಿದೆವು, ಅಷ್ಟೇ.

ಆವತ್ತಿನಿಂದ ತರಕಾರಿ ತೂಗುವುದನ್ನು ಬಿಟ್ಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸೂಚಿಯಲ್ಲಿ 2000 ಕ್ಯಾಲೊರಿಯ ತಟ್ಟೆಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಇದೆ. ನಾನೂ 400 ಗ್ರಾಂ ತರಕಾರಿ ತಿನ್ನುತ್ತೇನೆ ಅಂತಿಟ್ಟುಕೊಂಡು, ಅದಕ್ಕೆ ಬೆಳಿಗ್ಗೆಯೇ 100 ಕ್ಯಾಲೊರಿ ಬರೆದುಬಿಡುತ್ತೇನೆ. ಸೊಪ್ಪು, ಸೋರೆ, ಹೀರೆ, ಮೂಲಂಗಿ, ಬದನೆ ಎಲ್ಲ ಅದರಲ್ಲೇ ಬಂತು. ಒಂದು ದಿನ ಹೆಚ್ಚು ಬಡಿಸಿಕೊಂಡರೂ ಇನ್ನಷ್ಟು ಬರೆಯುವುದಿಲ್ಲ. ಮೊದಲೇ ದುಡ್ಡು ಕಟ್ಟಿದ ಊಟದ ಹಾಗೆ ಇದು, ತಿನ್ನದಿದ್ದರೆ ನಮಗೇ ನಷ್ಟ. ತಟ್ಟೆಯಲ್ಲಿ ಪಲ್ಯ ತಾನಾಗಿ ಜಾಸ್ತಿ ಆಯಿತು, ಅನ್ನ ತಾನಾಗಿ ಕಮ್ಮಿ ಆಯಿತು. ಆಲೂಗೆಡ್ಡೆ, ಗೆಣಸು, ಸುವರ್ಣಗೆಡ್ಡೆ, ಬಾಳೆಕಾಯಿ ಮಾತ್ರ ಈ ರಿಯಾಯ್ತಿಗೆ ಸೇರಿಲ್ಲ. ಅನ್ನದ ಜೊತೆ ಆಲೂ ಪಲ್ಯ ತಿನ್ನುವುದು ಅನ್ನದ ಜೊತೆ ಇನ್ನೊಂದು ಅನ್ನ ತಿಂದ ಹಾಗೇ ಅಲ್ವಾ.

ತರಕಾರಿಯಲ್ಲಿ ಬಿಡುಗಡೆ ಸಿಕ್ಕ ಖುಷಿಯಲ್ಲಿ ಹಣ್ಣನ್ನೂ ಲೆಕ್ಕದಿಂದ ತೆಗೆದೆ. ಅದಕ್ಕೆ ಆಧಾರವೂ ಇತ್ತು ಅನ್ನಿ. ಅಮೆರಿಕದಲ್ಲಿ ಜನರ ತೂಕ ಇಳಿಸುವುದನ್ನೇ ವ್ಯಾಪಾರ ಮಾಡಿಕೊಂಡ ವೇಟ್ ವಾಚರ್ಸ್ ಅನ್ನುವ ಕಂಪನಿ ಒಂದೊಂದು ತಿನಿಸಿಗೂ ಇಷ್ಟು ಅಂಕ ಅಂತ ಲೆಕ್ಕ ಹಾಕುತ್ತದೆ. ಅವರು 2010ರಲ್ಲಿ ಆ ಪದ್ಧತಿ ಬದಲಿಸಿ ಬಹುತೇಕ ಹಣ್ಣಿಗೆ ಸೊನ್ನೆ ಅಂಕ ಕೊಟ್ಟರು. ಅಂಥ ದೊಡ್ಡವರೇ ಸೊನ್ನೆ ಅಂದಮೇಲೆ ನನ್ನದೇನು? ಮಾರ್ಚ್ ಮುಗಿಯುವಾಗ 82.5ಕ್ಕೆ ಇಳಿದಿದ್ದೆ. ಎಲ್ಲ ಸರಿಯಾಗಿತ್ತು.

ಆಮೇಲೆ ಮಾವು ಬಂತು.

ಏಪ್ರಿಲ್, ಮೇ ಎರಡು ತಿಂಗಳು ತೂಕ ಇಳಿಯಲಿಲ್ಲ. ಬದಲಿಗೆ 700 ಗ್ರಾಂ ಏರಿತು. ನನ್ನ ಕ್ಯಾಲೊರಿ ಲೆಕ್ಕದ ಪುಸ್ತಕದಲ್ಲಿ ನೋಡಿದರೆ ದಿನವೂ 1700ರ ಒಳಗೇ. ಪುಸ್ತಕ ಸರಿ, ಗಲ್ಲಾಪೆಟ್ಟಿಗೆ ತಪ್ಪು ಅಂದರೆ ಎಲ್ಲೋ ಬರೆಯದ ವಹಿವಾಟು ಇದೆ ಅಂತ ಅರ್ಥ. ಒಂದು ವಾರ ತಿಂದ ಹಣ್ಣನ್ನೂ ಸುಮ್ನೆ ಬರೆದಿಟ್ಟೆ. ಊಟಕ್ಕೆ ಎರಡು ಬಾದಾಮಿ ಮಾವು, ರಾತ್ರಿ ಒಂದು. ವಾಟೆ, ಸಿಪ್ಪೆ ಕಳೆದರೆ ಒಂದರಲ್ಲಿ ತಿನ್ನುವ ಭಾಗ 160 ಗ್ರಾಂ ಸಿಗುತ್ತಿತ್ತು. 100 ಗ್ರಾಂಗೆ 60ರ ಲೆಕ್ಕದಲ್ಲಿ ಒಂದೊಂದು ಹಣ್ಣಿಗೆ ಹತ್ತಿರ ಹತ್ತಿರ 100. ದಿನಕ್ಕೆ 300 ಅಲ್ಲೇ ಹೋಯಿತು. ಭಾನುವಾರ ರಸಪುರಿ ಹಿಂಡಿ ಸೀಕರಣೆ, ಅದಕ್ಕೆ ಹಾಲು, ಸಕ್ಕರೆ ಬೇರೆ. ಸಂಜೆ ಟಿವಿ ಮುಂದೆ ಹಲಸಿನ ತೊಳೆ. ಒಂದು ತೊಳೆ 25 ಕ್ಯಾಲೊರಿ ಇರಬಹುದು, ಆದರೆ ಒಂದೇ ತೊಳೆ ತಿಂದು ಎದ್ದವರನ್ನು ನಾನಂತೂ ನೋಡಿಲ್ಲ. ಸೇಬು ಒಂದು ತಿಂದರೆ ಸಾಕೆನಿಸುತ್ತದೆ. ಹಣ್ಣಿಗೆ ಸೊನ್ನೆ ಕೊಟ್ಟವರು ಸೇಬನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದರೇನೋ. ಚೇಳೂರು ಕಡೆಯ ಕೆಂಪು ತೊಳೆಯ ಸಿದ್ದು ತಳಿಯ ಹಲಸನ್ನು ಕೊಯ್ದು ಮುಂದಿಟ್ಟಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದರು.

ಹಾಗಾಗಿ ಜೂನ್‌ನಿಂದ ಹಣ್ಣು ಮತ್ತೆ ಪುಸ್ತಕಕ್ಕೆ ಬಂತು. ಆದರೆ ಆ್ಯಪಿನ ಮಾತು ಕೇಳಬಾರದು ಅಂತ ಅಷ್ಟರಲ್ಲಿ ಕಲಿತಿದ್ದೆ. ಅದು 'ಮಧ್ಯಮ ಬಾಳೆಹಣ್ಣು' ಅಂದರೆ 105 ಅನ್ನುತ್ತದೆ. ಆ ಹಣ್ಣು ಅಮೆರಿಕದ್ದು, ಸುಲಿದಮೇಲೂ 118 ಗ್ರಾಂ ತೂಗುವಂಥದ್ದು. ನಾನು ತಿನ್ನುವ ಏಲಕ್ಕಿ ಬಾಳೆ ಸುಲಿದರೆ 45 ಗ್ರಾಂ. ಎರಡು ಏಲಕ್ಕಿಗೆ 210 ಬರೆದುಕೊಂಡು ಎಷ್ಟು ದಿನ ಕೊರಗಿದ್ದೆನೋ! ಪಚ್ಚಬಾಳೆ ಆದರೆ ಆ್ಯಪ್ ಹೇಳಿದ್ದು ಹೆಚ್ಚುಕಮ್ಮಿ ಸರಿ. ಇನ್ನೊಂದು ಪೇಚು ನಮ್ಮದೇ ಪಟ್ಟಿಯಲ್ಲಾಯಿತು. ಅದೇ ಹೈದರಾಬಾದ್ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆರೆದರೆ ಬಾಳೆಹಣ್ಣಿನ ಎದುರು ನಾನೂರು ಚಿಲ್ಲರೆ ಸಂಖ್ಯೆ! ಎದೆ ಧಸಕ್ ಅಂತು. ಆಮೇಲೆ ನೋಡಿದರೆ ಅದು ಕಿಲೋಜೂಲ್. 4.18ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ. ಅಲ್ಲಿನ ಸಂಖ್ಯೆಗಳು ತಿನ್ನುವ ಭಾಗಕ್ಕೆ ಮಾತ್ರ. ಸಿಪ್ಪೆ ಸಮೇತ ತೂಗಿದರೆ ಬಾಳೆಹಣ್ಣಿನ ಲೆಕ್ಕ ಒಂದೂವರೆ ಪಟ್ಟು ಆಗುತ್ತದೆ.

ಈಗ ನನ್ನ ಕ್ರಮ ಸುಲಭ. ಕಲ್ಲಂಗಡಿ, ಪರಂಗಿ, ಸೀಬೆ ತಿಂದರೆ ಒಂದು ಬಟ್ಟಲಿಗೆ 75 ಅಂತ ಕಣ್ಣಳತೆಯಲ್ಲಿ ಬರೆಯುತ್ತೇನೆ. ಮಾವು, ಹಲಸು, ಸಪೋಟ, ದ್ರಾಕ್ಷಿ, ಬಾಳೆ ಇವನ್ನು ತೂಗುತ್ತೇನೆ. ಬೆಣ್ಣೆಹಣ್ಣನ್ನು ನಾನು ಹಣ್ಣು ಅಂತಲೇ ಲೆಕ್ಕಕ್ಕೆ ಇಟ್ಟಿಲ್ಲ. 100 ಗ್ರಾಂಗೆ 160, ಅದು ಹೆಸರಿಗೆ ತಕ್ಕ ಹಾಗೆ ಬೆಣ್ಣೆಯ ಸಾಲಿಗೇ ಹೋಗುತ್ತದೆ. ಜ್ಯೂಸ್ ಬಿಟ್ಟೆ. ಮೂರು ಮೋಸಂಬಿ ಸುಲಿದು ತಿನ್ನಲು ಕಾಲು ಗಂಟೆ ಬೇಕು, ಹಿಂಡಿದರೆ ಎರಡು ಗುಟುಕು. ಸಕ್ಕರೆ ಕಾಯಿಲೆ ಇರುವವರು ನನ್ನ ಈ ಲೆಕ್ಕ ಹಿಡಿಯಬೇಡಿ, ಅವರ ಹಣ್ಣಿನ ಅಳತೆಯನ್ನು ಅವರ ಡಾಕ್ಟರೇ ಹೇಳಬೇಕು.

ಗಣೇಶನ ಹಬ್ಬದ ಹೊತ್ತಿಗೆ 79 ಬಂತು. ಹಬ್ಬದಲ್ಲಿ ಕಡುಬು ಎಣಿಸಲಿಲ್ಲ.

ಈ ಬಾರಿಯೂ ಮನೆಗೆ ಹಲಸು ಬಂದಿದೆ. ಮೊನ್ನೆ ಎಂಟು ತೊಳೆ ಎಣಿಸಿ, 200 ಬರೆದು, ಕೈಗೆ ಹತ್ತಿದ ಅಂಟಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಅಮ್ಮ ಬೀಜಗಳನ್ನೆಲ್ಲ ಆಯ್ದು ಒಣಗಲು ಹರಡಿದರು. "ನಾಳೆ ಇದಕ್ಕೆ ದಂಟಿನ ಸೊಪ್ಪು ಹಾಕಿ ಹುಳಿ ಮಾಡ್ತೀನಿ. ಈ ಬೀಜ ನಿನ್ನ ಹಣ್ಣಿನ ಲೆಕ್ಕಕ್ಕೋ, ತರಕಾರಿ ಲೆಕ್ಕಕ್ಕೋ?" ಅಂದರು. ಸ್ವಲ್ಪ ಯೋಚಿಸಿ, "ಆಲೂಗೆಡ್ಡೆ ಲೆಕ್ಕಕ್ಕಮ್ಮ" ಅಂದೆ. "ಹಾಗಾದ್ರೆ ಅನ್ನ ಕಮ್ಮಿ ಇಡ್ಲಾ?" ಅಂತ ಕೇಳಿ ಒಳಗೆ ಹೋದರು.